ತೊಗಲು ಹೊತ್ತ ಮರಿ

ಕನಕಪ್ಪನ ಕಂಕುಳಲ್ಲಿದ್ದ ಮರಿ ಎರಡು ತೊಗಲು ಹೊತ್ತಿತ್ತು. ಒಂದು ಅದರದೇ. ಅದರ ಮೇಲೆ ಇನ್ನೊಂದು, ನಿನ್ನೆ ಹೊತ್ತು ಮುಳುಗುವಾಗ ಸತ್ತ ಬೇರೆ ಮರಿಯದು. ಕಾಲಿಗೆ ತೂತು ಬಿಟ್ಟು ಅಂಗಿಯ ಹಾಗೆ ತೊಡಿಸಿ ಹೊಟ್ಟೆಯ ಕೆಳಗೆ ಉಣ್ಣೆಯ ದಾರದಿಂದ ಬಿಗಿದಿದ್ದ. ಹಿಂದೆ ಹತ್ತು ಮಾರು ದೂರದಲ್ಲಿ ಕೆಂದಿ ಎಂಬ ಕುರಿ ಬರುತ್ತಿತ್ತು. ಸತ್ತದ್ದು ಅದರ ಮರಿ.

ಕುರಿ ಕಾಯುವವರಿಗೆ ಇದು ಹೊಸದಲ್ಲ. ಕುರಿ ತನ್ನ ಮರಿಯನ್ನು ಕಣ್ಣಿನಿಂದ ಗುರುತು ಹಿಡಿಯುವುದಿಲ್ಲ, ಮೂಗಿನಿಂದ ಹಿಡಿಯುತ್ತದೆ. ಮರಿ ಸತ್ತ ತಾಯಿಯೊಂದು, ತಾಯಿ ಸತ್ತ ಮರಿಯೊಂದು ಒಂದೇ ವೇಳೆಗೆ ಒದಗಿದರೆ, ಸತ್ತ ಮರಿಯ ತೊಗಲು ಸುಲಿದು ಬದುಕಿದ ಮರಿಗೆ ಹೊದಿಸುತ್ತಾರೆ. ತಾಯಿ ಮೂಸುತ್ತದೆ, ನನ್ನದೇ ಎಂದುಕೊಂಡು ನೆಕ್ಕುತ್ತದೆ, ಕೆಚ್ಚಲು ಕೊಡುತ್ತದೆ. ಅದರ ಹಾಲು ಮರಿಯ ಮೈಯಲ್ಲಿ ಇಳಿದು ವಾಸನೆ ಕೂಡಿಕೊಂಡ ಮೇಲೆ ಮೇಲಿನ ತೊಗಲು ಬಿಚ್ಚಿ ಎಸೆದರೂ ಅಡ್ಡಿಯಿಲ್ಲ. ಕನಕಪ್ಪ ತನ್ನ ಕಾಲದಲ್ಲಿ ಹೀಗೆ ಎಷ್ಟೋ ಮರಿಗಳನ್ನು ಉಳಿಸಿದ್ದ.

ಆದರೆ ಕೆಂದಿ ಒಪ್ಪುತ್ತಿರಲಿಲ್ಲ. ಹತ್ತಿರ ಬರುತ್ತಿತ್ತು, ಮೂಗು ಚಾಚುತ್ತಿತ್ತು, ಸೀನಿದಂತೆ ಮಾಡಿ ತಲೆ ಕೊಡವಿ ಹಿಂದೆ ಸರಿಯುತ್ತಿತ್ತು.

ಸಂಕ್ರಾಂತಿ ಕಳೆದು ವಾರವಾಗಿತ್ತು. ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿಯ ನೀರಿನಲ್ಲಿ ಮುಳುಗಿ, ಜನ ನವನಗರಕ್ಕೆ ಗಂಟುಮೂಟೆ ಹೊತ್ತುಕೊಂಡು ಹೋಗುತ್ತಿದ್ದ ವರ್ಷಗಳು ಅವು. ಕನಕಪ್ಪನ ಹಿಂಡು ಆಗ ಅಮೀನಗಡದ ಕೆಳಗೆ, ಮಲಪ್ರಭೆಯ ದಂಡೆಗೆ ಇತ್ತು. ಹೊಲದವರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿಯೆಲ್ಲ ಕುರಿ ತರುಬಿಸಿ ನಿಲ್ಲಿಸಿಕೊಳ್ಳುತ್ತಿದ್ದರು. ಯಂಕಪ್ಪನ ಹೊಲದ ಸರದಿ ಮುಗಿದಿತ್ತು. ಮುಂದಿನ ಹೊಲ ಸರ್ವೆ ತೋಪಿನ ಆಚೆ ತುದಿಗೆ. ಬೆಳಗಿನ ಜಾವಕ್ಕೇ ತಮ್ಮನ ಮಗ ಹಣಮೇಶ ಮತ್ತು ಅವನ ಹೆಂಡತಿ ಸುಧಾರಾಣಿ ಹಿಂಡು ಹೊಡೆದುಕೊಂಡು ಮೇಲಿನ ಗಾಡಿದಾರಿಯಲ್ಲಿ ಹೋಗಿದ್ದರು. ಈಯಲು ಒದ್ದಾಡುತ್ತಿದ್ದ ಒಂದು ಕುರಿಯ ಹತ್ತಿರ ಕನಕಪ್ಪ ಉಳಿದಿದ್ದ. ಕೆಂದಿ ತನ್ನ ಮರಿ ಬಿದ್ದ ಜಾಗವನ್ನು ಬಿಟ್ಟು ಏಳದೆ ಅಲ್ಲೇ ಸುತ್ತುತ್ತ ಉಳಿದಿತ್ತು.

"ಅದನ್ನೂ ನೀನಾ ಹೊಡಕೊಂಡ ಬಾ ದೊಡ್ಡಪ್ಪ. ಅದರ ಹಿಂದ ಓಡಿ ಓಡಿ ನನ್ನ ಕಾಲ ಬಿದ್ದಾವ" ಎಂದು ಹೇಳಿ ಹಣಮೇಶ ಹೋಗಿದ್ದ.

ಅವರು ಹೋದ ಮೇಲೆ ಆ ಕುರಿ ಈದಿತು. ಈದು, ಮರಿಯನ್ನು ಒಮ್ಮೆ ನೆಕ್ಕಿ, ಕುತ್ತಿಗೆ ನೆಲಕ್ಕೆ ಚೆಲ್ಲಿ ಸತ್ತಿತು.

ಅದು ಬೋರವ್ವನ ಕುರಿ. ಕನಕಪ್ಪನ ಹೆಂಡತಿ ಬೋರವ್ವ ಮದುವೆಯಾಗಿ ಬರುವಾಗ ತವರಿನವರು ಒಂದು ಹೆಣ್ಣು ಕುರಿ ಹೊಡೆದು ಕಳಿಸಿದ್ದರು. ಅದರ ಮರಿ, ಆ ಮರಿಯ ಮರಿ, ಹೀಗೆ ಹಿಂಡಿನಲ್ಲಿ ಅವಳದೇ ಒಂದು ಸಾಲು ಇತ್ತು. ಬಲಗಿವಿಯ ತುದಿಗೆ ಸಣ್ಣ ಸೀಳು, ಅದು ಅವಳ ಗುರುತು. ಬೋರವ್ವ ಹೋದ ಮೇಲೆ ರೋಗ ಬಂತು, ಗಂಡುಮರಿಗಳೇ ಹೆಚ್ಚು ಹುಟ್ಟಿ ಸಂತೆಗೆ ಹೋದವು, ಸಾಲು ಸವೆಯಿತು. ಕಡೆಗೆ ಉಳಿದದ್ದು ಇದೊಂದೇ. ಇದು ಬಿಟ್ಟು ಹೋದದ್ದು ಒಂದು ಹೆಣ್ಣುಮರಿ. ಕೈಯಲ್ಲಿ ಹಿಂಡಿ ಹಾಲು ಹಾಕಿದರೆ ನಾಲ್ಕು ದಿನ ಜೀವ ಹಿಡಿದೀತು. ಆದರೆ ದಿನಾ ನಡೆಯುವ ಹಿಂಡಿನಲ್ಲಿ ತಾಯಿಯಿಲ್ಲದ ಮರಿ ನಿಲ್ಲುವುದಿಲ್ಲ. ಇದು ಹೋದರೆ ಬೋರವ್ವನ ಕುರಿ ಎಂದು ಹೇಳಿಕೊಳ್ಳಲು ಹಿಂಡಿನಲ್ಲಿ ಏನೂ ಇರುವುದಿಲ್ಲ. ಈ ಮಾತನ್ನು ಕನಕಪ್ಪ ಯಾರ ಮುಂದೂ ಆಡಿದವನಲ್ಲ.

ಅದಕ್ಕೇ ಅವನು ಲಗುಬಗೆಯಿಂದ ತೋಪಿನ ಬಾಯಿಗೆ ಹೋಗಿ, ನಿನ್ನೆ ಹಣಮೇಶ ಎಸೆದು ಬಂದಿದ್ದ ಸತ್ತ ಮರಿಯನ್ನು ಹುಡುಕಿದ್ದ. ಅದು ಒಂದು ಸರ್ವೆ ಗಿಡದ ಬುಡದಲ್ಲಿ ಬಿದ್ದಿತ್ತು. ಹೊಟ್ಟೆಯ ಮೇಲೆ ಒಂದು ಸೀಳು. ನರಿ ಬಾಯಿ ಹಾಕಿ ಬಿಟ್ಟಿದೆ ಎಂದುಕೊಂಡ. ಕೂತಲ್ಲೇ ಸುಲಿದ. ಉಳಿದ ಮೈಯನ್ನು ಬುಡಕ್ಕೇ ಬಿಟ್ಟು, "ನಿನ್ನ ಪಾಲು ನೀ ತಗೋ, ನನ್ನ ಪಾಲು ನನಗ ಬಿಡು" ಎಂದು ತೋಪಿನ ಕಡೆ ಕೈ ಮಾಡಿದ. ತೋಳಕ್ಕೂ ಹಿಂಡಿನಲ್ಲಿ ಒಂದು ಪಾಲು ಇರುತ್ತದೆ ಎಂದು ಅವನಪ್ಪ ಹೇಳುತ್ತಿದ್ದ. ಹೋದ ವಾರ ತೋಳ ಎರಡು ಮರಿ ಒಯ್ದಾಗ ಹಣಮೇಶ ಹಲ್ಲು ಕಡಿದಿದ್ದ, ಕನಕಪ್ಪ ಸುಮ್ಮನಿದ್ದ.

ಈಗ ತೋಪಿನೊಳಗಿನ ದಾರಿ. ದೂರವೇನಿಲ್ಲ, ಎಡಕ್ಕೆ ಹೊಳೆ, ಬಲಕ್ಕೆ ಸಾಲು ಹಿಡಿದ ಸರ್ವೆ ಗಿಡಗಳು. ಐಹೊಳೆ ನೋಡಲು ಬಂದು ದಾರಿ ತಪ್ಪಿ ಇಳಿದವರು ಇದನ್ನು ಪೈನ್ ಕಾಡು ಅನ್ನುತ್ತಿದ್ದರು. ಅರಣ್ಯದವರು ಹಚ್ಚಿದ್ದು, ಎಲೆ ಅನ್ನುವಂಥ ಎಲೆಯೇ ಇಲ್ಲ, ಕುದುರೆ ಬಾಲದ ಕೂದಲಿನ ಹಾಗೆ ಜೋತಾಡುವ ಕಡ್ಡಿ. ಅವು ಉದುರಿ ನೆಲವೆಲ್ಲ ಮೆತ್ತಗೆ, ಹೆಜ್ಜೆಯ ಸಪ್ಪಳ ಕೇಳುವುದಿಲ್ಲ. ಗಾಳಿ ಬಂದರೆ ಮಾತ್ರ ಯಾರೋ ದೂರದಲ್ಲಿ ಉಸಿರು ಎಳೆದು ಬಿಟ್ಟ ಹಾಗೆ. ಸಪ್ಪಳವಿಲ್ಲದ ನೆಲವನ್ನು ಕನಕಪ್ಪ ಎಂದೂ ನಂಬಿರಲಿಲ್ಲ. ತನ್ನ ಹೆಜ್ಜೆ ತನಗೇ ಕೇಳದಿದ್ದರೆ ಹಿಂದಿನವರದು ಹೇಗೆ ಕೇಳೀತು?

ಮೆತ್ತನೆಯ ಮಣ್ಣಿದ್ದಲ್ಲಿ ತೋಳದ ಹೆಜ್ಜೆ ಕಂಡವು. ಹಳೆಯವಲ್ಲ. ಅಂಚು ಇನ್ನೂ ಕುಸಿದಿರಲಿಲ್ಲ.

ಒಂದು ಮುಂಗುಲಿ ದಾರಿ ದಾಟಿ ನಿಂತು ನೋಡಿ ಹೋಯಿತು. ನೀರಿನ ಮೇಲಿನ ಬೋಳು ಕೊಂಬೆಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಮುಂದೆಲ್ಲೋ ಟಿಟ್ಟಿಭ ಕೂಗಿತು. ಅದು ಸುಮ್ಮನೆ ಕೂಗುವ ಹಕ್ಕಿಯಲ್ಲ. ಯಾವುದೋ ಪ್ರಾಣಿ ನಡೆದಾಡುತ್ತಿದ್ದರೆ ಮಾತ್ರ. ಕನಕಪ್ಪ ನಿಂತ. ಕೆಂದಿಯೂ ನಿಂತಿತು. ಏನೂ ಕಾಣಲಿಲ್ಲ.

ಅವನು ಮರಿಯ ಬಾಯೊಳಗೆ ಬೆರಳಿಟ್ಟು ನೋಡಿದ. ಬಾಯಿ ತಣ್ಣಗಾಗುತ್ತಿತ್ತು. ಬಾಯಿ ತಣ್ಣಗಾದ ಮರಿ ಹೆಚ್ಚು ಹೊತ್ತು ಕಾಯುವುದಿಲ್ಲ.

ಕೂತು ಸೊಂಟದ ಚೀಲ ಬಿಚ್ಚಿ ಉಪ್ಪು ತೆಗೆದ. ಕೆಂದಿಯ ಕೆಚ್ಚಲಿನಿಂದ ನಾಲ್ಕು ಹನಿ ಹಿಂಡಿ ಉಪ್ಪಿನ ಜೊತೆ ಕಲೆಸಿ ಸತ್ತ ತೊಗಲಿನ ಬೆನ್ನಿಗೆ ಬಾಲಕ್ಕೆ ಸವರಿದ. "ಬಾರವ್ವ, ನೋಡ. ನಿಂದಾ ಇದು. ಒಮ್ಮೆ ನೆಕ್ಕಿ ನೋಡ" ಎಂದ. ಕೆಂದಿ ಬಂತು. ಮೂಸಿತು. ಉಪ್ಪಿನ ಆಸೆಗೆ ನಾಲಿಗೆ ಚಾಚಿ ಎರಡು ಮೂರು ಸಲ ನೆಕ್ಕಿತು. ಕನಕಪ್ಪ ತನ್ನ ಕುಲದೇವರು ಬೀರಪ್ಪನಿಗೆ ಮನಸ್ಸಿನಲ್ಲೇ ಕೈ ಮುಗಿದ. ಅಷ್ಟರಲ್ಲಿ ಅದು ತುಟಿ ಮೇಲಕ್ಕೆತ್ತಿ, ಮುಖ ಕೊಡವಿ, ಹಿಂದಕ್ಕೆ ಜಿಗಿಯಿತು.

"ಹಟಮಾರಿ" ಎಂದು ಬೈದ. ಮತ್ತೆ ಎದ್ದು ನಡೆದ.

ಹೊಳೆ ತಿರುಗುವಲ್ಲಿ ಅಹ್ಮದಸಾಬ ಬಲೆ ಕೊಡವುತ್ತ ನಿಂತಿದ್ದ. ಮೀನು ಹಿಡಿದು ಅಮೀನಗಡಕ್ಕೆ ಒಯ್ಯುವವನು, ಕನಕಪ್ಪನ ಓರಗೆಯವನು. ಪ್ರತಿ ವರ್ಷ ಹಿಂಡು ಈ ದಂಡೆಗೆ ಬಂದಾಗ ಇಬ್ಬರಿಗೂ ಮಾತು ಹತ್ತುತ್ತಿತ್ತು.

"ಏನೋ ಕನಕಪ್ಪ, ಥಂಡಿ ಅಂತ ಮರಿಗೂ ಕೋಟ ಹೊಲಿಸಿಯೇನ?"

"ಹೊಲಿಸೀನಿ. ನಿನಗೂ ಒಂದು ಬೇಕೇನ? ತೊಗಲ ಮಾತ್ರ ನಿಂದಾ ಕೊಡಬೇಕಾಗತೈತಿ."

"ನನ್ನ ತೊಗಲಾಗ ಏನ ಉಳದೈತಿ, ತೂತಾ ಅದಾವ" ಎಂದು ನಗುತ್ತ ಹತ್ತಿರ ಬಂದ ಅಹ್ಮದಸಾಬ ನಗು ನಿಲ್ಲಿಸಿದ. ಮೂಗಿಗೆ ಬಲೆಯ ಅಂಚು ಹಿಡಿದ. "ಥೂ, ಏನಲೇ ಇದು ನಾತ? ಹತ್ತಿ ಹೊಲದಾಗ ನಿಂತಂಗ ಆಗಾಕತ್ತೈತಿ."

"ಏನ ನಾತ? ಹಸಿ ಮರಿ ನಾತ."

"ಮರಿ ನಾತ ನನಗ ಗೊತ್ತಿಲ್ಲೇನ? ಎಣ್ಣಿ ನಾತ ಇದು. ಹುಳಕ್ಕ ಹೊಡಿಯೂ ಎಣ್ಣಿ. ನಿನ್ನ ಮೂಗು ಎಲ್ಲಿ ಇಟ್ಟ ಬಂದಿ?"

ಕನಕಪ್ಪನ ಮೂಗು ಹೋಗಿ ಬಹಳ ವರ್ಷವಾಗಿತ್ತು. ಹರೆಯದಿಂದ ಮೂಗಿಗೆ ತಂಬಾಕಿನ ತಪಕೀರು ಏರಿಸಿ ಏರಿಸಿ, ಸಾರಿನ ಒಗ್ಗರಣೆಯೂ ಅವನಿಗೆ ತಿಳಿಯುತ್ತಿರಲಿಲ್ಲ. ಅವನು ಮರಿಯನ್ನು ಮುಖದ ಹತ್ತಿರ ಹಿಡಿದ. ಏನೂ ಇಲ್ಲ.

ಅಹ್ಮದಸಾಬನ ಮುಖ ಬದಲಾಯಿತು. "ತಡಿ ತಡಿ. ಈ ತೊಗಲು ಯಾವುದು? ಆ ತೋಪಿನ ಬಾಯಾಗ ಬಿದ್ದಿತ್ತಲ್ಲ, ಆ ಮರೀದೇನ?"

"ಹೂಂ. ಅದರದಾ."

"ಯಾ ಅಲ್ಲಾ! ನಿಮ್ಮ ಹಣಮೇಶ ನಿನಗ ಹೇಳಿಲ್ಲೇನ? ನಿನ್ನೆ ಸಂಜಿಮುಂದ ಒಂದ ಕೈಯಾಗ ಸತ್ತ ಮರಿ, ಇನ್ನೊಂದ ಕೈಯಾಗ ಶೀಸೆ ಹಿಡಕೊಂಡ ಬಂದಿದ್ದ. ತೋಳಕ್ಕ ಔತಣ ಇಡತೇನಿ ಕಾಕಾ, ನಿನ್ನ ನಾಯಿ ಕಟ್ಟಿ ಹಾಕ ಅಂದ. ಹೊಟ್ಟಿ ಸೀಳಿ ಎಣ್ಣಿ ಹೊಯ್ದಾನ ಅದಕ್ಕ."

ಕನಕಪ್ಪನಿಗೆ ಕಾಲಿನ ಕೆಳಗಿನ ನೆಲ ಇನ್ನಷ್ಟು ಮೆತ್ತಗಾದಂತಾಯಿತು. ಕುಕ್ಕರಗಾಲಲ್ಲಿ ಕೂತು ದಾರದ ಗಂಟಿಗೆ ಕೈ ಹಾಕಿದ. ಗಂಟು ಬಿಚ್ಚಲಿಲ್ಲ. ಗಂಟು ಬಿಗಿಯುವಾಗ ಹಲ್ಲಿನಿಂದ ಎಳೆದದ್ದು ನೆನಪಾಗಿ ಉಗುಳಿದ. ಅಹ್ಮದಸಾಬ ಬಲೆ ಕೊಯ್ಯುವ ಚಾಕುವಿನಿಂದ ದಾರ ಕತ್ತರಿಸಿದ. ತೊಗಲು ಬಿತ್ತು. ಅದರ ಒಳಗೆ ಮರಿ ಎಷ್ಟು ಸಣ್ಣದಿತ್ತೆಂದರೆ, ಇಷ್ಟೇ ಇದ್ದದ್ದಕ್ಕೆ ಇಷ್ಟು ಭಾರ ಹೊರಿಸಿದ್ದೆನೇ ಅನ್ನಿಸಿತು.

"ಕೆಂದಿ ನೆಕ್ಕೇತಿ" ಎಂದ ಕನಕಪ್ಪ. "ಉಪ್ಪ ಸವರಿ ನಾನಾ ನೆಕ್ಕಿಸೀನಿ."

"ಎಷ್ಟ?"

"ಎರಡ ಮೂರ ಸಲ."

"ಬಾಯಿ ತೊಳಿ ಅದರದು. ಮೊದಲ ಮರಿ ತೊಳಿ. ಮಣ್ಣ ಹಚ್ಚಿ ತಿಕ್ಕು, ಬರೇ ನೀರಿಗೆ ಎಣ್ಣಿ ಹೋಗೂದಿಲ್ಲ. ಆ ಸುಲದ ಮೈ ಎಲ್ಲಿ ಬಿಟ್ಟಿ?"

"ಅಲ್ಲೇ. ಗಿಡದ ಬುಡಕ್ಕ."

"ನಾ ಹೋಗಿ ಅದನ್ನ ಈ ತೊಗಲನ್ನ ಹುಗದ ಬರತೇನಿ. ಇಲ್ಲಾಂದ್ರ ನನ್ನ ನಾಯಿನೂ ಹೋಗತೈತಿ, ಊರ ನಾಯಿನೂ ಹೋಗತಾವ." ತೊಗಲನ್ನು ಕೋಲಿನ ತುದಿಗೆ ಸಿಗಿಸಿಕೊಂಡು ಹೊರಟವನು ತಿರುಗಿ ಆಚೆ ದಂಡೆಯ ಮರಳ ದಿಬ್ಬ ತೋರಿಸಿದ. ಬಿಸಿಲಿಗೆ ಒಂದು ಮೊಸಳೆ ಬಿದ್ದಿತ್ತು, ಬಾಯಿ ಅರ್ಧ ತೆರೆದು, ಒಣ ಕೊರಡಿನ ಹಾಗೆ. "ಅದು ಅಲ್ಲಿ ಕಾಣೂತನಾ ಚಿಂತಿ ಇಲ್ಲ. ಕಾಣಲಿಲ್ಲಂದ್ರ ಮಾತ್ರ ನೀರಿಗೆ ಕೈ ಇಡಬ್ಯಾಡ."

ಕನಕಪ್ಪ ದಂಡೆಯ ಕರಿಮಣ್ಣು ಬಾಚಿ ಮರಿಯ ಮೈಗೆ ಬಳಿದ. ತಿಕ್ಕಿದ. ನೀರಲ್ಲಿ ಅದ್ದಿದ. ಮರಿ ಕೂಗಲೂ ಇಲ್ಲ, ಬಾಯಿ ತೆರೆದು ಮುಚ್ಚಿತು. ಒಂದು ಕಣ್ಣು ಮರಿಯ ಮೇಲೆ, ಒಂದು ಕಣ್ಣು ದಿಬ್ಬದ ಮೇಲೆ. ಹುಟ್ಟಿದ ದಿನವೇ ಹೊಳೆಯ ತಣ್ಣೀರು. ಎಣ್ಣೆಯಿಂದ ಉಳಿದರೆ ಚಳಿಯಿಂದ ಹೋದೀತು. ಒರೆಸಲು ಕಂಬಳಿ ಎತ್ತಿದವನು ಕೈ ತಡೆದ. ಆ ಕಂಬಳಿಯೊಳಗೇ ಆ ತೊಗಲನ್ನು ಹೊತ್ತು ತಂದಿದ್ದ. ಕಂಬಳಿ ದೂರ ಒಗೆದು ತಲೆಯ ರುಮಾಲು ಬಿಚ್ಚಿದ, ಅದರಲ್ಲಿ ಮರಿಯನ್ನು ಸುತ್ತಿದ.

ಆಮೇಲೆ ಕೆಂದಿಯ ಕೋಡಿಲ್ಲದ ತಲೆಯನ್ನು ಮೊಣಕಾಲಲ್ಲಿ ಅಮುಕಿ, ಮಣ್ಣಿನ ನೀರು ಗೊಟಕು ಗೊಟಕಾಗಿ ಬಾಯಿಗೆ ಹಾಕಿ ಚೆಲ್ಲಿಸಿದ. ನಾಲಿಗೆ ಎಳೆದು ರುಮಾಲಿನ ತುದಿಯಿಂದ ಉಜ್ಜಿದ. ಅದು ಗುದ್ದಿತು. ಗುದ್ದಲಿ ಎಂದು ಬಿಟ್ಟ. ಗುದ್ದುವ ಕುರಿಗೆ ಇನ್ನೂ ಶಕ್ತಿ ಇದೆ.

ಬೆಳಗಿನಿಂದ ಅದು ಹೇಳುತ್ತಲೇ ಇತ್ತು. ಸೀನಿ ಹೇಳಿತ್ತು, ತುಟಿ ಎತ್ತಿ ಹೇಳಿತ್ತು. ಇದರಲ್ಲಿ ನನ್ನ ಮರಿಯೂ ಇದೆ, ಇನ್ನೇನೋ ಇದೆ, ಬೇಡ ಎಂದು. ಅವನು ಹಟಮಾರಿ ಎಂದು ಬೈದಿದ್ದ.

ರುಮಾಲಿನೊಳಗೆ ಮರಿ ನಡುಗತೊಡಗಿತು. ಚಳಿಯ ನಡುಕವೋ ಎಣ್ಣೆಯ ನಡುಕವೋ? ಕನಕಪ್ಪ ಅದನ್ನು ಬಿಸಿಲಿದ್ದಲ್ಲಿ ನೆಲಕ್ಕಿಟ್ಟು ಬೆನ್ನು ತಿಕ್ಕಿದ. ತೊಯ್ದು ಮೈಗೆ ಅಂಟಿದ ಉಣ್ಣೆ, ಮಿಸುಕುವ ಕಿವಿ, ಈಗ ತಾನೇ ಹುಟ್ಟಿದಂತಿತ್ತು.

ಹಿಂದಿನಿಂದ ಒಂದು ಸದ್ದು ಬಂತು. ಗಂಟಲೊಳಗೇ ಗುರುಗುಟ್ಟುವ, ಬಾಯಿ ತೆರೆಯದೆ ಆಡುವ ಸದ್ದು. ಈದ ಕುರಿ ತೊಯ್ದ ಮರಿಯ ಮುಂದೆ ಮಾತ್ರ ಹಾಗೆ ಮಾತಾಡುತ್ತದೆ. ಕೆಂದಿ ತಾನಾಗಿ ಬಂದು ನಿಂತಿತ್ತು. ಮೂಗು ಮರಿಯ ಬೆನ್ನಿನ ಮೇಲೆ. ನಾಲಿಗೆ ಹೊರಗೆ ಬಂತು.

ಬೆಳಗಿನಿಂದ ಕನಕಪ್ಪ ಕಾದದ್ದು ಇದಕ್ಕೇ. ಈಗ ಅವನು ಎರಡೂ ಕೈಯಿಂದ ಅದರ ಕುತ್ತಿಗೆ ತಬ್ಬಿ ಹಿಂದಕ್ಕೆ ಜಗ್ಗಿದ. "ಬ್ಯಾಡ. ತಡಿ ತಾಯಿ, ಬ್ಯಾಡ."

ಎಣ್ಣೆ ಎಲ್ಲ ಹೋಗಿದೆಯೋ ಇಲ್ಲವೋ ಯಾರನ್ನು ಕೇಳುವುದು? ಅಹ್ಮದಸಾಬ ಕಾಣುತ್ತಿರಲಿಲ್ಲ. ತನ್ನ ಮೂಗು ಸತ್ತದ್ದು. ಇನ್ನೊಮ್ಮೆ ತೊಳೆಯಬೇಕು. ಮರಿಯನ್ನು ಎತ್ತಿಕೊಂಡು ದಂಡೆಗೆ ಬಂದು ಆಚೆ ನೋಡಿದ. ಮರಳ ದಿಬ್ಬ ಖಾಲಿ ಇತ್ತು. ಮೊಸಳೆ ಮಲಗಿದ್ದ ಜಾಗದಲ್ಲಿ ಒಂದು ತೊಯ್ದ ಗೆರೆ, ನೀರಿನವರೆಗೆ.

ನೀರಿನ ಮೇಲೆ ಏನೂ ಇರಲಿಲ್ಲ. ಏನೂ ಇಲ್ಲದ್ದಕ್ಕೇ ಹೆದರಿಕೆಯಾಯಿತು. ನೀರಿನ ಅಂಚಿನಿಂದ ಒಂದು ಮಾರು ಮೇಲೆ, ದನ ನೀರು ಕುಡಿದ ಗೊರಸಿನ ಗುಂಡಿಗಳಲ್ಲಿ ನೀರು ನಿಂತಿತ್ತು. ಅವನು ಹೊಳೆಗೆ ಬೆನ್ನು ಕೊಡದೆ, ಪಕ್ಕಕ್ಕೆ ತಿರುಗಿ ಕೂತು, ಒಂದೊಂದೇ ಗುಂಡಿಯಿಂದ ಬೊಗಸೆ ತುಂಬಿ ಮರಿಯನ್ನು ಮತ್ತೆ ತೊಳೆದ. ಗುಂಡಿ ಮುಗಿದಾಗ ಮುಂದಿನದಕ್ಕೆ ತೆವಳಿದ. ನಡುವೆ ಒಮ್ಮೆ ನೀರು ದೊಡ್ಡದಾಗಿ ಮಗುಚಿತು. ಎದ್ದದ್ದು ಎರಡು ನೀರುನಾಯಿ, ಒಂದರ ಬಾಯಲ್ಲಿ ಮೀನು. ಅವು ಅವನನ್ನು ನೋಡಿ ಪುಸ್ಸೆಂದು ಮುಳುಗಿದವು. ನೀರುನಾಯಿ ಹೀಗೆ ಆಡುತ್ತಿದ್ದರೆ ಮೊಸಳೆ ಹತ್ತಿರ ಇಲ್ಲ ಅಂತಲೋ, ಇದ್ದರೂ ಅವಕ್ಕೆ ಲೆಕ್ಕವಿಲ್ಲ ಅಂತಲೋ, ತಿಳಿಯದೆ ಅವನು ಮರಿಯನ್ನು ಎದೆಗವಚಿಕೊಂಡು ಮೇಲಕ್ಕೆ ಹತ್ತಿದ.

ಕೆಂದಿ ಕಾಯುತ್ತಿತ್ತು. ಕನಕಪ್ಪ ಮರಿಯನ್ನು ಅದರ ಮುಂದಿಟ್ಟು ಈ ಸಲ ಉಪ್ಪು ಸವರಲಿಲ್ಲ. ಮಾತಾಡಲಿಲ್ಲ. "ನಿನ್ನ ಮೂಗಿಗೆ ಬಿಟ್ಟೀನಿ" ಎಂದು ಮನಸ್ಸಿನಲ್ಲಿ ಅಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಅದು ತಲೆಯಿಂದ ಬಾಲದವರೆಗೆ ಮೂಸಿತು. ಬಾಲದಿಂದ ತಲೆಯವರೆಗೆ ಮತ್ತೆ ಮೂಸಿತು. ಸೀನಲಿಲ್ಲ. ಗಂಟಲಲ್ಲಿ ಗುರುಗುಟ್ಟಿ ನೆಕ್ಕತೊಡಗಿತು. ನೆಕ್ಕಿದ ರಭಸಕ್ಕೆ ಮರಿ ಉರುಳಿತು, ಎದ್ದಿತು, ಮತ್ತೆ ಉರುಳಿತು. ಕಡೆಗೆ ಕಾಲು ಅಗಲಿಸಿ ನಿಂತು, ಮೊದಲು ಮೊಣಕಾಲನ್ನು ಚೀಪಿ, ಆಮೇಲೆ ಕೆಚ್ಚಲು ಹುಡುಕಿತು. ಅದರ ಬಾಲ ಅಲ್ಲಾಡಿದಾಗ ಕನಕಪ್ಪ ಅಲ್ಲೇ ನೆಲಕ್ಕೆ ಕೂತ.

ತೋಪಿನ ಆಚೆ ಹೊಲಕ್ಕೆ ಅವನು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬರಿದಲೆ, ಹೆಗಲಿಗೆ ಕಂಬಳಿ ಇಲ್ಲ, ಕೈಯಲ್ಲಿ ರುಮಾಲು ಸುತ್ತಿದ ಮರಿ. ಕೆಂದಿ ಅವನ ಮೊಣಕಾಲಿಗೆ ಮೂಗು ತಾಗಿಸಿಕೊಂಡು ಬಂದಿತು. ನಡೆದದ್ದನ್ನು ಅವನು ನಾಲ್ಕು ಮಾತಿನಲ್ಲಿ ಹೇಳಿದ.

ಹಣಮೇಶನ ಮುಖ ಸುಣ್ಣವಾಯಿತು. "ದೊಡ್ಡಪ್ಪ, ನೀ ಅದನ್ನ ಸುಲೀತಿ ಅಂತ ನನಗೇನ ಗೊತ್ತು? ದೊಡ್ಡವ್ವನ ಕುರಿ ಸಾಯತೈತಿ ಅಂತ ನನಗ ಕನಸ ಬಿದ್ದಿತ್ತೇನ?"

"ಹೇಳಾಕ ಬಾಯಿ ಇರಲಿಲ್ಲೇನ್ರಿ ನಿಮಗ?" ಎಂದಳು ಸುಧಾರಾಣಿ. "ಊರ ಮೀನಗಾರಗ ಹೇಳತೀರಿ, ಮನ್ಯಾಗಿನ ಹಿರ್‍ಯಾಗ ಹೇಳೂದಿಲ್ಲ."

"ಹೇಳಿದ್ರ ಬ್ಯಾಡ ಅಂತಿದ್ದ."

"ಅಂತಿದ್ದೆ" ಎಂದ ಕನಕಪ್ಪ. "ಎಣ್ಣಿ ಮ್ಯಾಲೆಲ್ಲ ಚೆಲ್ಲಿತ್ತೇನ?"

"ಹೊಟ್ಟ್ಯಾಗ ಹೊಯ್ದೆ. ಮ್ಯಾಲ ಚೆಲ್ಲಿದ್ದು ಕಾಣಲಿಲ್ಲ, ಮಬ್ಬಾಗಿತ್ತು."

"ಎಣ್ಣಿ ಹೊಟ್ಟಿಗೆ ಹೊಕ್ಕರ ಏನ ಮಾಡತೈತಿ ಕುರಿ? ಹ್ವಾದ ವರ್ಷ ಎಣ್ಣಿ ಹೊಡದ ಹೊಲಕ್ಕ ಯಾರದೋ ಕುರಿ ಬಿದ್ದಿದ್ದು ನೀ ನೋಡೀಯಲ್ಲ."

ಹಣಮೇಶ ಕಾಲ್ಬೆರಳಿನಿಂದ ನೆಲ ಕೆದಕಿದ. "ಜೊಲ್ಲ ಸುರಿಸಿದ್ವು. ಮೇವ ಬಿಟ್ವು. ಮೆಲಕ ನಿಂತ ಮ್ಯಾಲ ಒಂದೂ ಉಳೀಲಿಲ್ಲ."

ಮೂವರೂ ಕೆಂದಿಯ ಕಡೆ ನೋಡಿದರು. ಅದು ನಿಂತಿತ್ತು. ತುಟಿಯ ಕೆಳಗೆ ಹಸಿ ಇತ್ತು. ಹೊಳೆಯ ನೀರೋ ಜೊಲ್ಲೋ ಗೊತ್ತಾಗುವಂತಿರಲಿಲ್ಲ. ಸುಧಾರಾಣಿ ಮೇವು ಒಡ್ಡಿದಳು. ಎರಡು ಎಸಳು ತೆಗೆದುಕೊಂಡು ಬಿಟ್ಟಿತು. ಕನಕಪ್ಪ ಅದರ ಮುಂದೆಯೇ ಕೂತ. ಸುಧಾರಾಣಿ ರೊಟ್ಟಿ ತಂದರೆ ಬೇಡವೆಂದು ಕೈ ಮಾಡಿದ. ಹಣಮೇಶ ಅವನ ಪಕ್ಕಕ್ಕೆ ಬಂದು ಕೂತ, ಸ್ವಲ್ಪ ದೂರ ಬಿಟ್ಟು. ಹಿಂಡು ಕಾಯಲು ಸುಧಾರಾಣಿ ಹೋದಳು.

ಹೊತ್ತು ಇಳಿಯುವಾಗ ಅಹ್ಮದಸಾಬ ಕನಕಪ್ಪನ ಕಂಬಳಿಯನ್ನು ತೊಳೆದು ಕೋಲಿಗೆ ಹಾಕಿಕೊಂಡು ಬಂದ. "ಹುಗದ ಬಂದೆ. ಮ್ಯಾಲ ಕಲ್ಲ ಹೇರೀನಿ" ಎಂದ. ಆಮೇಲೆ ದನಿ ತಗ್ಗಿಸಿದ. "ಒಂದ ಹಿಂಗಾಲ ಇರಲಿಲ್ಲಪಾ. ನಾ ಹೋಗೂದರಾಗ ಯಾವುದೋ ಒಯ್ದಿತ್ತು."

ಕನಕಪ್ಪ ತೋಪಿನ ಕಡೆ ನೋಡಿದ. ಸರ್ವೆ ಗಿಡಗಳು ಗಾಳಿಗೆ ಉಸಿರು ಎಳೆಯುತ್ತಿದ್ದವು. ಹಣಮೇಶ ತಲೆ ಎತ್ತಲಿಲ್ಲ.

ಕೆಂದಿ ಮುಂಗಾಲು ಮಡಿಸಿ ಮಲಗಿತು. ಮಲಗುವ ಹೊತ್ತೋ, ಬೀಳುವ ಹೊತ್ತೋ? ಮರಿ ಅದರ ಹೊಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚಿತ್ತು. ಕನಕಪ್ಪ ಮರಿಯ ಬಾಯೊಳಗೆ ಬೆರಳಿಟ್ಟು ನೋಡಿದ, ಬೆಚ್ಚಗಿತ್ತು. ತಾಯಿಯ ಬಾಯಿ ಮಾತ್ರ ಮುಚ್ಚಿಯೇ ಇತ್ತು. ದವಡೆ ಅಲುಗಲಿಲ್ಲ. ಸುಧಾರಾಣಿ ಹಿಂಡು ತರುಬಿ ಬಿಡಾರಕ್ಕೆ ಬಂದಳು. ಅಹ್ಮದಸಾಬನೂ ಹೋಗಲಾರದೆ ನಿಂತೇ ಇದ್ದ.

"ದೊಡ್ಡಪ್ಪ" ಎಂದ ಹಣಮೇಶ, ಉಸಿರಿನಲ್ಲಿ. "ಕುತ್ತಿಗಿ ನೋಡ."

ಕೆಂದಿಯ ಕುತ್ತಿಗೆಯ ಕೆಳಗಿನಿಂದ ಒಂದು ಉಂಡೆ ಮೇಲಕ್ಕೆ ಹತ್ತಿತು. ಅದು ಬಾಯಿಗೆ ಬಂದು ನಿಂತಿತು. ದವಡೆ ಒಮ್ಮೆ ಎಡಕ್ಕೆ ಸರಿಯಿತು. ಆಮೇಲೆ ಬಲಕ್ಕೆ. ಆಮೇಲೆ ನಿಲ್ಲಲಿಲ್ಲ.

ಕನಕಪ್ಪ ಬಹಳ ಹೊತ್ತು ಅದನ್ನೇ ನೋಡುತ್ತ ಕೂತ. ಕಡೆಗೆ ಮೊಣಕಾಲಿಗೆ ಕೈಯೂರಿ ಎದ್ದು, ಬಿಡಾರದ ಕಡೆ ತಿರುಗಿ, "ಸುಧಾರಾಣಿ, ಒಲಿಯಾಗಿನ ಬೂದಿ ಒಂದಿಷ್ಟ ತಾರವ್ವ, ಕೈ ತೊಳೀತೇನಿ" ಎಂದ. "ಆಮ್ಯಾಲ ರೊಟ್ಟಿ ಕೊಡು. ಹಣಮೇಶಗೂ ಕೊಡು."